ಆ ರಾತ್ರಿಯ ಕಾಲುಚೀಲ

ನಿನ್ನೆ ಮಳೆ ಬಿಟ್ಟ ಹೊತ್ತು ನೋಡಿ ಇವರು ಮಣಿಪಾಲದ ಮಣ್ಣಪಳ್ಳ ಕೆರೆಗೆ ಒಂದು ಪೂರ್ತಿ ಸುತ್ತು ಬಂದರು. ಮಿಂಚುಳ್ಳಿಯೊಂದನ್ನು ನೋಡಲು ನಿಂತದ್ದು ಬಿಟ್ಟರೆ ಎಲ್ಲಿಯೂ ನಿಲ್ಲಲಿಲ್ಲ, ಬೆಂಚು ಕಂಡರೂ ಕುಳಿತುಕೊಳ್ಳಲಿಲ್ಲ. ಕೊಡೆ ಹಿಡಿದು ಎರಡು ಹೆಜ್ಜೆ ಹಿಂದೆಯೇ ಇದ್ದ ನನಗೆ ಮನೆ ತಲುಪಿದ ಮೇಲೆಯೇ ಸರಿಯಾಗಿ ಉಸಿರು ಬಂದದ್ದು. ಸ್ಕಾಟ್‌ಲ್ಯಾಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಪ್ರವಾಸದಿಂದ ಬಂದು ವರ್ಷವಾಯಿತು. ಈ ಬರಹವನ್ನು ಎಷ್ಟೋ ಸಲ ಆರಂಭಿಸಿ ಅರ್ಧಕ್ಕೇ ಬಿಟ್ಟಿದ್ದೇನೆ. ಇನ್ನೂ ತಡಮಾಡಿದರೆ ಚೆನ್ನಾಗಿರುವುದಿಲ್ಲ.

ಆ ಪ್ರವಾಸದ ನಡುವೆ ಇವರಿಗೆ ಏನಾಯಿತು, ಯಾವ ಆಸ್ಪತ್ರೆಯಲ್ಲಿ ಏನು ಮಾಡಿದರು ಎನ್ನುವುದು ನಿಮಗೆಲ್ಲ ಗೊತ್ತು. ಮಗನ ಫೋನಿಗೆ ಹಗಲು ರಾತ್ರಿ ಎನ್ನದೆ ಕರೆ ಮಾಡಿದವರು ನೀವೇ. ಅದನ್ನು ಮತ್ತೆ ಬಿಚ್ಚುವುದಿಲ್ಲ.

ಮೊದಲು ಋಣದ ಪಟ್ಟಿ. ನಮ್ಮ ಪೆಟ್ಟಿಗೆ ಕಟ್ಟಿಕೊಟ್ಟ ಸಹಪ್ರವಾಸಿಗಳು, ಸರಿಹೊತ್ತಿನಲ್ಲಿ ಎದ್ದು ಬಂದು ಫೆರಿ ಬಿಟ್ಟ ಸಿಬ್ಬಂದಿ, ಶೆಟ್‌ಲ್ಯಾಂಡಿನ ಮುಖ್ಯ ಪಟ್ಟಣ ಲೆರ್ವಿಕ್ ಮತ್ತು ಸ್ಕಾಟ್‌ಲ್ಯಾಂಡಿನ ಅಬರ್ಡೀನ್ ನಗರದ ಆಸ್ಪತ್ರೆಗಳ ದಾದಿಯರು, ಪರಿಚಯವೇ ಇಲ್ಲದಿದ್ದರೂ ಹನ್ನೊಂದು ದಿನ ಗಂಜಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ ತಂದುಕೊಟ್ಟ ಅಬರ್ಡೀನಿನ ಆ ಕನ್ನಡದ ಕುಟುಂಬ, ಎಲ್ಲರಿಗೂ ನನ್ನ ನಮಸ್ಕಾರ. ಪ್ರವಾಸದ ವಿಮೆ ಮಾಡಿಕೊಟ್ಟ ಕಂಪನಿಯ ಹೆಸರು ಬರೆಯುವುದಿಲ್ಲ. ಅವರಿಗೆ ನಮಸ್ಕಾರವೂ ಇಲ್ಲ.

ಇನ್ನು ಟೀಚರಮ್ಮನ ವಿಷಯ. ಹೆಸರು ಹಾಕಬಾರದು ಎಂದು ಅವರೇ ತಾಕೀತು ಮಾಡಿದ್ದಾರೆ. ನಮ್ಮ ತಂಡಕ್ಕೆ ಇಬ್ಬರು ಮಾರ್ಗದರ್ಶಕರು. ಹಕ್ಕಿ ತೋರಿಸಲು ಒಬ್ಬ ಹುಡುಗ, ಇತಿಹಾಸ ಹೇಳಲು ಎಪ್ಪತ್ತು ದಾಟಿದ ಈ ನಿವೃತ್ತ ಶಿಕ್ಷಕಿ. ಹಕ್ಕಿ ಇವರಿಗೆ, ಇತಿಹಾಸ ನನಗೆ ಎಂದು ಉಡುಪಿಯಲ್ಲೇ ಪಾಲು ಮಾಡಿಕೊಂಡು ಹೊರಟಿದ್ದೆವು. ಸ್ಕಾಟ್‌ಲ್ಯಾಂಡಿನ ತುದಿಯಿಂದಲೂ ಆಚೆ, ನಾರ್ವೆಯ ಕಡೆಗೆ ಚೆಲ್ಲಿಕೊಂಡಿರುವ ಆ ದ್ವೀಪಗಳಲ್ಲಿ ಒಂದು ಮರ ಕಾಣಬೇಕಾದರೂ ಹುಡುಕಬೇಕು. ಮೊದಲ ದಿನವೇ ಟೀಚರಮ್ಮ ನನ್ನನ್ನು ಗೆದ್ದುಬಿಟ್ಟರು. 1469ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯ ರಾಜ ಮೊದಲನೆಯ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್‌ಲ್ಯಾಂಡಿನ ದೊರೆ ಮೂರನೆಯ ಜೇಮ್ಸ್‌ಗೆ ಮದುವೆ ಮಾಡಿಕೊಟ್ಟ. ವರದಕ್ಷಿಣೆಗೆ ಹಣ ಸಾಲದೆ 8,000 ಫ್ಲೋರಿನ್‌ಗೆ ಶೆಟ್‌ಲ್ಯಾಂಡನ್ನು ಅಡವಿಟ್ಟ. ಆ ಹಣ ಕಟ್ಟಲೇ ಇಲ್ಲ, ದ್ವೀಪಗಳು ಸ್ಕಾಟ್‌ಲ್ಯಾಂಡಿನಲ್ಲೇ ಉಳಿದವು. ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತವಳಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಇತಿಹಾಸ ಯಾವುದಿದೆ? "ಹರಾಜಿನ ನೋಟಿಸು ಕೊಟ್ಟಿದ್ದರೇ?" ಎಂದು ಕೇಳಿದೆ. ಅಂದಿನಿಂದ ವ್ಯಾನಿನಲ್ಲಿ ಅವರ ಪಕ್ಕದ ಸೀಟು ನನ್ನದಾಯಿತು.

ಒಳ್ಳೆಯ ದಿನಗಳೂ ಇದ್ದವು, ಅವನ್ನು ಮರೆಯಬಾರದು. ಮೂಸಾ ದ್ವೀಪದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಕಲ್ಲಿನ ಗೋಪುರವಿದೆ. ಗಾರೆ ಇಲ್ಲದೆ ಬರಿಯ ಕಲ್ಲು ಪೇರಿಸಿ 13 ಮೀಟರ್ ಎತ್ತರಕ್ಕೆ ಕಟ್ಟಿದ್ದಾರೆ. ರಾತ್ರಿ ಹನ್ನೊಂದರ ಮೇಲೆ ಅದರ ಗೋಡೆಗೆ ಕಿವಿಕೊಟ್ಟರೆ ಒಳಗಿನಿಂದ ಹಳೆಯ ಹೊಲಿಗೆ ಯಂತ್ರ ತುಳಿದಂತೆ ಗರಗರ ಸದ್ದು, ನಡುನಡುವೆ ಒಂದು ಬಿಕ್ಕಳಿಕೆ. ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ ಕಲ್ಲಿನ ಸಂದಿಯಲ್ಲಿ ಕಾವಿಗೆ ಕುಳಿತಿರುತ್ತದೆ. ಹಕ್ಕಿಯ ತೂಕ ಇಪ್ಪತ್ತೈದು ಗ್ರಾಂ ಆಸುಪಾಸು. ಇವರು ಆ ಗೋಡೆಗೆ ಕೆನ್ನೆ ಒತ್ತಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಫೆಟ್ಲಾರ್ ದ್ವೀಪದಲ್ಲಿ, ಹೇಗೆ ಹೇಗೋ ಬರೆದು ಫಿನ್ನಿ ಎಂದು ಓದುವ ಕೆರೆಯ ದಂಡೆಯಲ್ಲಿ, ಕೆಂಪು ಕತ್ತಿನ ಫ್ಯಾಲರೋಪ್ ಕಂಡಾಗ ಇವರು "ಇದು ಚಳಿಗಾಲಕ್ಕೆ ನಮ್ಮ ಅರಬ್ಬೀ ಸಮುದ್ರಕ್ಕೆ ಬರುವ ನೆಂಟ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹುಡುಗ ಮೆಲ್ಲಗೆ ತಿದ್ದಿದ. ಅರಬ್ಬೀ ಸಮುದ್ರಕ್ಕೆ ಬರುವುದು ಸ್ಕ್ಯಾಂಡಿನೇವಿಯದ ಹಕ್ಕಿಗಳು. ಫೆಟ್ಲಾರಿನ ಹಕ್ಕಿಗಳಿಗೆ 2012ರಲ್ಲಿ ಪುಟ್ಟ ಯಂತ್ರ ಕಟ್ಟಿ ಬಿಟ್ಟಿದ್ದರು. ಮರುವರ್ಷ ಮತ್ತೆ ಸಿಕ್ಕಿದ ಒಂದು, ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಆಚೆ ಪೆಸಿಫಿಕ್ ಸಾಗರಕ್ಕೆ ಹೋಗಿ ಬಂದಿತ್ತಂತೆ. ಇವರ ಮುಖ ಸಣ್ಣದಾಯಿತು. ಈ ಜಾತಿಯಲ್ಲಿ ಕಾವಿಗೆ ಕೂರುವುದು, ಮರಿ ಸಾಕುವುದು ಗಂಡು ಎಂದು ಹುಡುಗ ಸೇರಿಸಿದಾಗ ನಾನು ಮಾತ್ರ ಟಿಪ್ಪಣಿ ಬರೆದುಕೊಂಡೆ.

ಅದಾಗಿ ಎರಡನೆಯ ರಾತ್ರಿ ಅನ್ಸ್ಟ್ ದ್ವೀಪದಲ್ಲಿ. ಹಗಲಿಡೀ ಹರ್ಮನೆಸ್ ಗುಡ್ಡ ಹತ್ತಿ ಇಳಿದಿದ್ದೆವು. ಕಡಲು ಮುಚ್ಚಿಹೋಗುವಷ್ಟು ಮಂಜು, ಹೆಲಿಕಾಪ್ಟರ್ ಬರುವಂತಿಲ್ಲ. ಆಂಬುಲೆನ್ಸಿನಲ್ಲಿ ಅನ್ಸ್ಟ್ ದಾಟಿ ಫೆರಿ, ಯೆಲ್ ದ್ವೀಪ ದಾಟಿ ಮತ್ತೊಂದು ಫೆರಿ, ಆಮೇಲೆ ಲೆರ್ವಿಕ್. ಎರಡನೆಯ ಫೆರಿಯಲ್ಲಿ ಹಿಂದಿರುಗಿ ನೋಡಿದರೆ ಟೀಚರಮ್ಮನ ಹಳೆಯ ಕಾರು. ಬನ್ನಿ ಎಂದು ಯಾರೂ ಕರೆದಿರಲಿಲ್ಲ.

ಇವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ನಾನು ಹೊರಗಿನ ಕುರ್ಚಿಯಲ್ಲಿ. ಕೋಣೆಯೊಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿಯಲ್ಲೇ ಒದ್ದೆ ಹುಲ್ಲು ತುಳಿದು ಓಡಿ ಬಂದಿದ್ದೆನೆಂಬುದು ಆಗ ತಿಳಿಯಿತು. ಕಾಲು ಮರಗಟ್ಟಿತ್ತು. ಟೀಚರಮ್ಮ ಮಾತಿಲ್ಲದೆ ತಮ್ಮ ಶೂ ಬಿಚ್ಚಿ, ಉಣ್ಣೆಯ ಕಾಲುಚೀಲ ತೆಗೆದು, ನೆಲದ ಮೇಲೆ ಮಂಡಿಯೂರಿ ನನ್ನ ಕಾಲಿಗೆ ಹಾಕತೊಡಗಿದರು. ಅಮ್ಮನ ವಯಸ್ಸಿನವರಲ್ಲದಿದ್ದರೂ ಹಿರಿಯಕ್ಕನ ವಯಸ್ಸಿನವರು ನನ್ನ ಕಾಲು ಮುಟ್ಟುವುದೆಂದರೆ! ಕಾಲು ಎಳೆದುಕೊಂಡೆ. ಮೊಂಡು ಹುಡುಗಿಯ ಕಾಲು ಹಿಡಿಯುವಂತೆ ಹಿಮ್ಮಡಿ ಹಿಡಿದು ಹಾಕಿಯೇ ಬಿಟ್ಟರು. ಚೀಲ ಅವರ ಮೈಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ತಾವು ಬರಿಗಾಲನ್ನು ಶೂವಿನೊಳಗೆ ತುರುಕಿ ಪಕ್ಕದಲ್ಲಿ ಕುಳಿತರು.

ಜೂನ್ ತಿಂಗಳಲ್ಲಿ ಅಲ್ಲಿ ಕತ್ತಲಾಗುವುದಿಲ್ಲ. ಸೂರ್ಯ ಮುಳುಗಿದ ಮೇಲೂ ಬೆಳಗಿನ ತನಕ ಬೂದುಬಣ್ಣದ ಬೆಳಕು. ಅವರು ಅದನ್ನು 'ಸಿಮ್ಮರ್ ಡಿಮ್' ಎನ್ನುತ್ತಾರೆ. ಪ್ರವಾಸದ ಕಾಗದದಲ್ಲಿ ಓದಿದಾಗ ಚಂದ ಎನಿಸಿತ್ತು. ಆ ರಾತ್ರಿ ಮಾತ್ರ, ಒಂದು ಗಳಿಗೆ ಕತ್ತಲಾದರೆ ಸಾಕು, ಯಾರಿಗೂ ಕಾಣದಂತೆ ಅಳಬಹುದಿತ್ತು ಎಂದುಕೊಂಡೆ.

ಎಲ್ಲ ಸರಿಹೋಗುತ್ತದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹಕ್ಕಿಗಳ ಹೆಸರು ಹೇಳಿಕೊಟ್ಟರು. ಪಫಿನ್‌ಗೆ ಟ್ಯಾಮಿ ನೋರಿ, ಸ್ಟಾರ್ಮ್ ಪೆಟ್ರೆಲ್‌ಗೆ ಅಲಮೂಟಿ, ಆರ್ಕ್ಟಿಕ್ ಟರ್ನ್‌ಗೆ ಟಿರ್ರಿಕ್. ದ್ವೀಪದವರು ಹಿಂದೆ ಆಡುತ್ತಿದ್ದ ನಾರ್ನ್ ಭಾಷೆಯನ್ನು ಈಗ ಯಾರೂ ಆಡುವುದಿಲ್ಲ, ಅದರ ಪದಗಳು ಮಾತ್ರ ಊರ ಮಾತಿನಲ್ಲಿ ಅಲ್ಲಲ್ಲಿ ಉಳಿದಿವೆ ಎಂದರು. ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ಮಡಿವಾಳ, ಗೊರವಂಕ, ಕೆಂಬೂತ, ಟಿಟ್ಟಿಭ ಎಂದೆ. ಟಿಟ್ಟಿಭ, ಟಿರ್ರಿಕ್ ಎಂದು ಎರಡನ್ನೂ ಕೂಡಿಸಿ ಮೂರು ಸಲ ಹೇಳಿ, ಎರಡೂ ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುವ ಹಕ್ಕಿಗಳಿರಬೇಕು ಎಂದರು. ಹೌದಲ್ಲ ಎನಿಸಿತು.

ಆಮೇಲೆ ಆಲ್ಬಟ್ರಾಸ್ ಕಥೆ. ದಕ್ಷಿಣ ಗೋಳಾರ್ಧದ ಹಕ್ಕಿಯೊಂದು ದಾರಿ ತಪ್ಪಿ 1970ರ ದಶಕದ ಆರಂಭದಲ್ಲಿ ಹರ್ಮನೆಸ್‌ನ ಬಂಡೆಗೆ ಬಂತು. ಗ್ಯಾನೆಟ್ ಎಂಬ ಸಾವಿರಾರು ಕಡಲಹಕ್ಕಿಗಳ ನಡುವೆ ಅದೊಂದೇ ಆಲ್ಬಟ್ರಾಸ್. ಗೂಡು ಕಟ್ಟಿ ಕುಳಿತುಕೊಳ್ಳುತ್ತಿತ್ತು. ಹೆಚ್ಚುಕಡಿಮೆ ಪ್ರತಿ ವರ್ಷ ಬಂದು ಜೋಡಿಗಾಗಿ ಕಾದು, 1990ರ ದಶಕದಲ್ಲಿ ಬರುವುದು ನಿಂತಿತು. ಕಥೆ ಮುಗಿಯುವ ಮೊದಲೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಂಡ ಆ ಬಾಗಿಲಿನಾಚೆ ಇರುವಾಗ ಹೇಳುವ ಕಥೆಯೇ ಇದು? ಕನ್ನಡದಲ್ಲೇ ಬೈದೆ. ಏನು ಬೈದೆನೋ ನೆನಪಿಲ್ಲ, ಒಳ್ಳೆಯ ಮಾತುಗಳಂತೂ ಆಗಿರಲಿಲ್ಲ. ಅವರು ಸುಮ್ಮನೆ ಕೇಳಿಸಿಕೊಂಡರು. ನನ್ನ ಬೈಗುಳ ಅಳುವಾಗಿ, ಅಳು ನಿಂತ ಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ತಮ್ಮ ಯಜಮಾನರು ತೀರಿಕೊಂಡ ವರ್ಷ ಆ ಹಕ್ಕಿಯನ್ನು ನೋಡಲು ದಿನಾ ಗುಡ್ಡ ಹತ್ತುತ್ತಿದ್ದೆ ಎಂದರು. ಅಷ್ಟೇ ಹೇಳಿದರು. ಬೆಳಗಿನ ಐದೂವರೆಗೆ ವೈದ್ಯರು ಹೊರಗೆ ಬರುವ ತನಕ ನಾವಿಬ್ಬರೂ ಮತ್ತೆ ಮಾತನಾಡಲಿಲ್ಲ.

ಮರುದಿನ ಮಂಜು ಕರಗಿ, ನಮ್ಮನ್ನು ವಿಮಾನದಲ್ಲಿ ಅಬರ್ಡೀನಿಗೆ ಕಳುಹಿಸಿದರು. ಗಡಿಬಿಡಿಯಲ್ಲಿ ಕಾಲುಚೀಲ ನನ್ನ ಕಾಲಲ್ಲೇ ಉಳಿಯಿತು. ಊರಿಗೆ ಬಂದು ಒಗೆದು ಕಳುಹಿಸುತ್ತೇನೆ ಎಂದು ಬರೆದರೆ, "ಅಡವು ಇಟ್ಟುಕೊಳ್ಳಿ, ನಾನು ಬಿಡಿಸಿಕೊಳ್ಳಲು ಬರುವುದಿಲ್ಲ" ಎಂದು ಉತ್ತರ ಬಂತು.

ಉಡುಪಿಯ ಸೆಕೆಗೆ ಅದನ್ನು ಹಾಕಿಕೊಳ್ಳುವುದು ದೂರದ ಮಾತು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಯುವುದೇ ದೊಡ್ಡ ಕೆಲಸ. ಇಂದು ಹತ್ತು ಗಂಟೆಗೆ ಸ್ವಲ್ಪ ಬಿಸಿಲು ಬಿತ್ತು. ಅಂಗಳದ ತಂತಿಗೆ ಎರಡನ್ನೂ ಸಿಕ್ಕಿಸಿ ಒಳಗೆ ಬಂದು ಇದನ್ನು ಬರೆಯಲು ಕುಳಿತೆ. "ಮೋಡ ಬಂತು, ಟೀಚರಮ್ಮನ ಕಾಲುಚೀಲ ತೆಗೆಯುತ್ತೇನೆ" ಎಂದು ಇವರು ಈಗಷ್ಟೇ ಹೊರಗೆ ಹೋದರು.