ಬೇಸಿಗೆಯ ಬಲೆಗೆ ಸಿಗದ ಋತುಗಳು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಉತ್ತರ ಧ್ರುವದತ್ತಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಕಾಂಗ್ಸ್‌ಫಿಯೋರ್ಡಿನಲ್ಲಿ (ನೆಲದೊಳಕ್ಕೆ ಚಾಚಿದ ಕಡಲ ಕೊಲ್ಲಿ) ಪ್ರಾಣಿಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಪ್ರಾಣಿಗಳ, ಋತುಮಾನದ ಬದಲಾವಣೆಯನ್ನು ಅಧ್ಯಯನ ಮಾಡುವ ಅವಕಾಶ ನಿನಗೆ ಒದಗಿದೆ ಎಂದು ಓದಿ ಮನಸ್ಸು ತುಂಬಿ ಬಂತು. ಆದರೆ ಜುಲೈ, ಆಗಸ್ಟ್ ಎರಡೇ ತಿಂಗಳು ಅಲ್ಲಿರುವೆನೆಂದು ಬರೆದಿದ್ದೀಯೆ. ಆ ಸಾಲು ಓದಿದ ಮೇಲೆ ಈ ಕಾಗದ ಬರೆಯದೆ ಇರಲಾಗಲಿಲ್ಲ.

ನಿನ್ನ ವಯಸ್ಸಿನಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಉತ್ತರದ ಒಂದು ಫಿಯೋರ್ಡಿನಲ್ಲಿ ಬೇಸಿಗೆಯುದ್ದಕ್ಕೂ ಮೇಲಿನ 50 ಮೀಟರ್ ನೀರಿನಲ್ಲಿ ಮಾತ್ರ ಬಲೆ ಎಳೆದೆ. ಜುಲೈ ಮೊದಲಲ್ಲಿ ಬಾಟಲಿ ತುಂಬುವಷ್ಟು ಸಿಕ್ಕ ಕ್ಯಾಲನಸ್ ಕುಲದ ಕೋಪೆಪಾಡ್‌ಗಳು (ಸೀಗಡಿಯ ದೂರದ ಬಂಧುಗಳಾದ ಪುಟ್ಟ ಜೀವಿಗಳು) ಆಗಸ್ಟ್ ಕೊನೆಯ ಹೊತ್ತಿಗೆ ಬೆರಳೆಣಿಕೆಗೆ ಇಳಿದವು. ಅವುಗಳ ಸಂತತಿ ಕುಸಿದಿದೆ ಎಂದು ವರದಿ ಬರೆದೆ. ಅದನ್ನು ಓದಿದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: “ಕೆಳಗೆ ಹುಡುಕಿದೆಯಾ?” ಅವು ಸತ್ತಿರಲಿಲ್ಲ, ಚಳಿಗಾಲವನ್ನು ಕಳೆಯಲು ಆಳಕ್ಕೆ ಇಳಿದಿದ್ದವು. ಕಾಂಗ್ಸ್‌ಫಿಯೋರ್ಡ್ ಕೆಲವೆಡೆ 350 ಮೀಟರಿಗೂ ಹೆಚ್ಚು ಆಳವಿದೆ. ಆದ್ದರಿಂದ ಬೇಕಾದ ಆಳದಲ್ಲಿ ಬಾಯಿ ಮುಚ್ಚುವ ಬಲೆಗಳಿಂದ ಪದರ ಪದರವಾಗಿ, ತಳದವರೆಗೂ ಮಾದರಿ ತೆಗೆ.

ಇಳಿಯುವ ಮುನ್ನ ಅವು ಮಾಡಿಕೊಳ್ಳುವ ಸಿದ್ಧತೆಯನ್ನು ಜೀವಂತ ಮಾದರಿಯಲ್ಲೇ ನೋಡಬೇಕು, ಫಾರ್ಮಾಲಿನ್‌ಗೆ ಹಾಕಿದ ಮೇಲೆ ಆ ಚೆಲುವು ಉಳಿಯುವುದಿಲ್ಲ. ಐದನೆಯ ಕೋಪೆಪೊಡೈಟ್ ಹಂತದ, ಅಂದರೆ ಪ್ರೌಢವಾಗುವ ಮುನ್ನಿನ ಕೊನೆಯ ಹಂತದ, ಒಂದು ಕ್ಯಾಲನಸ್ ಗ್ಲೇಸಿಯಾಲಿಸ್ ಅನ್ನು ತಣ್ಣನೆಯ ಗಾಜಿನ ತಟ್ಟೆಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ನೋಡು. ಕೆಲವೇ ಮಿಲಿಮೀಟರ್ ಉದ್ದದ ಪಾರದರ್ಶಕ ದೇಹ, ಅದರೊಳಗೆ ಉದ್ದಕ್ಕೂ ಹೊಳೆಯುವ ಎಣ್ಣೆಯ ಚೀಲ, ಮೀಸೆಗಳಲ್ಲಿ ಕೆಂಪು ಛಾಯೆ. ಕೆಲವೇ ವಾರಗಳ ಸಸ್ಯಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳ) ಸುಗ್ಗಿಯಲ್ಲಿ ಉಂಡದ್ದೆಲ್ಲ ಆ ಚೀಲದಲ್ಲಿ ಮೇಣದಂಥ ಕೊಬ್ಬಾಗಿ ಕೂತಿರುತ್ತದೆ. ಈ ಕೊಬ್ಬಿಗಾಗಿಯೇ ಲಿಟಲ್ ಆಕ್ ಎಂಬ ಪುಟ್ಟ ಕಡಲ ಹಕ್ಕಿ, ಅದೇ ಕುಲದ ಬಡಕಲಾದ ಕ್ಯಾಲನಸ್ ಫಿನ್‌ಮಾರ್ಕಿಕಸ್ ಅನ್ನು ಬಿಟ್ಟು ಇದನ್ನೇ ಆರಿಸಿ ಮರಿಗಳಿಗೆ ಒಯ್ಯುತ್ತದೆ. ಎಷ್ಟು ಸಿಕ್ಕವು ಎಂದು ಎಣಿಸಿದರಷ್ಟೇ ಸಾಲದು, ಯಾವ ಹಂತದವು, ಎಣ್ಣೆಯ ಚೀಲ ಎಷ್ಟು ತುಂಬಿದೆ ಎಂಬುದನ್ನೂ ಬರೆದಿಡು. ಮೊಟ್ಟೆಯಾದ ಮೇಲೆ ಆರು ನಾಪ್ಲಿಯಸ್ (ಎಳೆಮರಿ) ಹಂತ, ಐದು ಕೋಪೆಪೊಡೈಟ್ ಹಂತ, ಆಮೇಲೆ ಪ್ರೌಢಾವಸ್ಥೆ. ಹಂತಗಳ ಪಟ್ಟಿಯೇ ಆ ಜೀವಿಯ ಪಂಚಾಂಗ.

ವಸಂತದಲ್ಲಿ ನೀನು ಅಲ್ಲಿರುವುದಿಲ್ಲ, ಆದರೆ ನೀನು ಜುಲೈನಲ್ಲಿ ನೋಡುವ ಮರಿಗಳ ಕಥೆ ಆರಂಭವಾಗುವುದು ಅಲ್ಲಿಯೇ. ಕಡಲ ಮೇಲೆ ಮಂಜುಗಡ್ಡೆ ಇನ್ನೂ ಇರುವಾಗಲೇ ಗ್ಲೇಸಿಯಾಲಿಸ್ ಹೆಣ್ಣುಗಳು ಮೇಲೇರಿ, ಗಡ್ಡೆಯ ಅಡಿಮೈಗೆ ಅಂಟಿ ಬೆಳೆಯುವ ಪಾಚಿಯನ್ನು ಮೇಯ್ದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ತಿನ್ನುವ ಹಂತಕ್ಕೆ ಬರುವ ಹೊತ್ತಿಗೆ ಮಂಜು ಸರಿದು, ತೆರೆದ ನೀರಿನಲ್ಲಿ ಸಸ್ಯಪ್ಲವಕದ ಸುಗ್ಗಿ ಹತ್ತಿರವಾಗಿರುತ್ತದೆ. ಮಂಜು ಬೇಗ ಕರಗಿದರೆ ಅಥವಾ ಕಟ್ಟದೇ ಹೋದರೆ ಈ ಹೊಂದಾಣಿಕೆ ತಪ್ಪಬಹುದು. ಅದೇ ಕುಲದ ಹೈಪರ್‌ಬೋರಿಯಸ್ ಆದರೋ ಈ ಸುಗ್ಗಿಗಾಗಿ ಕಾಯುವುದೇ ಇಲ್ಲ. ತನ್ನ ಕೊಬ್ಬಿನ ಬಲದಿಂದಲೇ ಚಳಿಗಾಲದಲ್ಲೇ, ಆಳದ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಒಂದೇ ಕುಲದೊಳಗೆ ಇಷ್ಟು ಬೇರೆ ಬೇರೆ ದಾರಿಗಳಿರುವುದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ರೋಮಾಂಚನವಾಗುತ್ತದೆ. ವಸಂತದ ಬಲೆಯಲ್ಲಿ, ದೇಹದ ಮುಂಬದಿಯ ಮೂಲೆಗಳಲ್ಲಿ ಪುಟ್ಟ ಕೊಂಬುಗಳಿರುವ ಬಾರ್ನಕಲ್ (ಬಂಡೆಗೆ ಅಂಟಿ ಬದುಕುವ ಚಿಪ್ಪಿನ ಜೀವಿ) ಲಾರ್ವಾಗಳೂ ತುಂಬಿಬರುತ್ತವೆ, ಅವು ಕೆಲವೇ ವಾರಗಳ ಅತಿಥಿಗಳು.

ನೀನು ಎಣಿಸುವ ಎಲ್ಲ ಜೀವಿಗಳೂ ಅಲ್ಲೇ ಹುಟ್ಟಿದವಲ್ಲ ಎಂಬುದನ್ನು ಮರೆಯಬೇಡ. ಕಾಂಗ್ಸ್‌ಫಿಯೋರ್ಡಿನ ಬಾಯಿ ಕಡಲಿಗೆ ತೆರೆದಿದೆ. ಪಶ್ಚಿಮ ಸ್ಪಿಟ್ಸ್‌ಬರ್ಗನ್ ಪ್ರವಾಹದ ಬೆಚ್ಚಗಿನ ಅಟ್ಲಾಂಟಿಕ್ ನೀರು ಒಳನುಗ್ಗಿದಾಗ ಫಿನ್‌ಮಾರ್ಕಿಕಸ್‌ನಂಥವು ಅದರೊಡನೆ ತೇಲಿ ಬರುತ್ತವೆ. ಪ್ರತಿ ಮಾದರಿಯ ಪಕ್ಕದಲ್ಲೂ ನೀರಿನ ಉಷ್ಣತೆ, ಲವಣಾಂಶ ದಾಖಲಾಗಿರಲಿ, ಇಲ್ಲದಿದ್ದರೆ ಋತುವಿನ ಬದಲಾವಣೆ ಯಾವುದು, ಪ್ರವಾಹ ತಂದದ್ದು ಯಾವುದು ಎಂದು ಬಿಡಿಸಲಾಗದು. ಗ್ಲೇಸಿಯಾಲಿಸ್ ಮತ್ತು ಫಿನ್‌ಮಾರ್ಕಿಕಸ್‌ಗಳನ್ನು ಉದ್ದ ಅಳೆದು ಬೇರ್ಪಡಿಸುವ ಹಳೆಯ ಪದ್ಧತಿಯನ್ನೂ ಪೂರ್ತಿ ನಂಬಬೇಡ, ಅವುಗಳ ಅಳತೆ ಒಂದರ ಮೇಲೊಂದು ಬೀಳುತ್ತದೆಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ.

ಬಲೆಯ ಕಣ್ಣಿನ ವಿಷಯ. 200 ಮೈಕ್ರೋಮೀಟರ್ ಬಲೆ ವಾಡಿಕೆಯದು, ಆದರೆ ವರ್ಷವಿಡೀ ನೀರಿನಲ್ಲಿರುವ ಪುಟ್ಟ ಕೋಪೆಪಾಡ್ ಒಯ್ಥೋನಾ ಸಿಮಿಲಿಸ್‌ನ ಮರಿಗಳು ಅದರಿಂದ ಸುಲಭವಾಗಿ ಜಾರಿಹೋಗುತ್ತವೆ. ಸಣ್ಣ ಕಣ್ಣಿನ ಇನ್ನೊಂದು ಬಲೆಯನ್ನೂ ಒಯ್ಯಿ.

ಇನ್ನು ಕತ್ತಲೆಯ ಕಾಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಕ್ಷಿತಿಜ ದಾಟುವುದಿಲ್ಲ. ಆಗ ಕಡಲು ಮಲಗಿರುತ್ತದೆಂದು ನಾವೆಲ್ಲ ಬಹುಕಾಲ ನಂಬಿದ್ದೆವು. ಆದರೆ ಮೆಟ್ರಿಡಿಯಾ ಲೋಂಗಾದಂಥ ಕೋಪೆಪಾಡ್‌ಗಳು ಚಳಿಗಾಲದಲ್ಲೂ ಚುರುಕಾಗಿರುತ್ತವೆ. ನೀರಿನೊಳಗೆ ಇಳಿಬಿಟ್ಟ ಧ್ವನಿ ಉಪಕರಣಗಳು ಇನ್ನೂ ಸೋಜಿಗದ ಸಂಗತಿಯನ್ನು ಕಂಡುಕೊಂಡಿವೆ: ಧ್ರುವರಾತ್ರಿಯಲ್ಲಿ ಪ್ರಾಣಿಪ್ಲವಕಗಳು ದಿನವೂ ನೀರಿನಲ್ಲಿ ಮೇಲೇರಿ ಕೆಳಗಿಳಿಯುವ ಚಲನೆ ಸೂರ್ಯನ 24 ಗಂಟೆಯನ್ನು ಬಿಟ್ಟು ಚಂದ್ರನ 24.8 ಗಂಟೆಯ ದಿನಕ್ಕೆ ಹೊಂದಿಕೊಳ್ಳುತ್ತದೆ, ಹುಣ್ಣಿಮೆಯ ಬೆಳಕಿಗೆ ಅವು ಕೆಳಗಿಳಿಯುತ್ತವೆ.

ಮುಂದೆ ಅಂಟಾರ್ಕ್‌ಟಿಕಾಕ್ಕೆ ಹೋಗುವ ಆಸೆಯನ್ನೂ ಬರೆದಿದ್ದೀಯೆ. ಅಲ್ಲಿ ಕ್ಯಾಲನಾಯ್ಡಿಸ್ ಅಕ್ಯುಟಸ್ ಎಂಬ ಕೋಪೆಪಾಡ್ ಉತ್ತರದ ಬಂಧುಗಳಂತೆಯೇ ಆಳದಲ್ಲಿ ಸುಪ್ತವಾಗಿರುತ್ತದೆ, ಕ್ಯಾಲನಸ್ ಪ್ರೊಪಿಂಕ್ವಸ್ ಮಾತ್ರ ಚಳಿಗಾಲದಲ್ಲೂ ತಿನ್ನುತ್ತಾ ಎಚ್ಚರವಾಗಿಯೇ ಇರುತ್ತದೆ. ಉತ್ತರದಲ್ಲಿ ಕಲಿತದ್ದನ್ನು ದಕ್ಷಿಣಕ್ಕೆ ಹಾಗೆಯೇ ಹೊತ್ತೊಯ್ಯಬೇಡ.

ಈಗ ನೀನು ಮಾಡಬೇಕಾದದ್ದು ಇಷ್ಟು. ಹೊರಡುವ ಮುನ್ನವೇ ನಿನ್ನ ಮಾರ್ಗದರ್ಶಕರೊಡನೆ ಮಾತಾಡಿ, ಕಾಂಗ್ಸ್‌ಫಿಯೋರ್ಡಿನ ದಡದ ಸಂಶೋಧನಾ ನೆಲೆ ನ್ಯೂ ಓಲಸಂಡ್‌ನಲ್ಲಿ ಚಳಿಗಾಲ ಕಳೆಯುವ ತಂಡದವರಿಂದ ಜನವರಿ ಮತ್ತು ಏಪ್ರಿಲ್‌ನಲ್ಲಿ ತಲಾ ಒಂದು ಸಲವಾದರೂ ನೀನು ಬಲೆ ಎಳೆದ ಜಾಗದಲ್ಲೇ, ಅದೇ ಆಳಗಳಲ್ಲಿ ಮಾದರಿ ತೆಗೆಸುವ ಏರ್ಪಾಡು ಮಾಡಿಕೋ. ಜನವರಿಯ ಬಾಟಲಿಗಳು ನಿನ್ನ ಕೈಸೇರಿ ಹಂತಗಳ ಎಣಿಕೆ ಮುಗಿದ ದಿನ ನನಗೆ ಬರೆ, ಆಗಸ್ಟಿನ ಎಣಿಕೆಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಕೂತು ಓದೋಣ.

ಇಂತಿ,
ನಿನ್ನ ದೊಡ್ಡಪ್ಪ