ಎರಡನೆಯ ರಿಮೋಟ್ ಸರಿಮಾಡಿಕೊಟ್ಟವರಿಗೆ

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಟಿ.ವಿ. ರಿಪೇರಿ ಅಂಗಡಿಯೊಂದರಲ್ಲಿದ್ದ, ಇಂದಿಗೂ ನಮಗೆ ಹೆಸರು ತಿಳಿಯದ ಹಿರಿಯರಾದ ತಮಗೆ ನನ್ನ ಹಾಗೂ ಬಾಲ್ಯದ ಗೆಳೆಯರ ಕೃತಜ್ಞತೆಗಳು. 1983ರಲ್ಲಿ ಜಪಾನಿನಲ್ಲಿ ಬಂದ, ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವಾದ ನಿಂಟೆಂಡೊ ಫ್ಯಾಮಿಕಾಮ್‌ನ ಅಗ್ಗದ ನಕಲುಗಳೇ ನಮ್ಮ ಪಾಲಿನ ಟಿ.ವಿ. ಗೇಮ್ ಆಗಿದ್ದವು, ಇಬ್ಬರು ಏಕಕಾಲಕ್ಕೆ ಆಡಬಹುದಾದ ಕಾಂಟ್ರಾ ಎಂಬ ಆಟದಲ್ಲಿ, ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡುವ ಎರಡನೆಯ ರಿಮೋಟ್ ಕೆಟ್ಟರೆ ಗೆಳೆಯನು ಬರಿಯ ಪ್ರೇಕ್ಷಕನಾಗಿಬಿಡುತ್ತಿದ್ದನು. ತಾವು ಅದರ ತುಂಡಾದ ತಂತಿಗೆ ಬೆಸುಗೆ ಹಾಕಿದ್ದಲ್ಲದೆ, ಆಟವಿರುವ ಕ್ಯಾಸೆಟ್ಟಿಗೆ ಬಾಯಿಂದ ಊದಿದರೆ ಉಸಿರಿನ ತೇವದಿಂದ ಒಳಗಿನ ಲೋಹದ ಪಟ್ಟಿಗಳು ಕೆಡುತ್ತವೆಂದು ತಿಳಿಹೇಳಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅವನ್ನು ಒರೆಸುವ ಬಗೆಯನ್ನೂ ತೋರಿಸಿಕೊಟ್ಟಿರಿ. (ಊದುವುದನ್ನು ಗೆಳೆಯರು ಬಿಡಲಿಲ್ಲ, ಆ ಮಾತು ಬೇರೆ.) ನಾವು ಕೂಡಿಸಿ ತಂದಿದ್ದ ಚಿಲ್ಲರೆಯನ್ನು ತಾವು ಮುಟ್ಟಲಿಲ್ಲ, ಆ ಬೇಸಿಗೆ ರಜೆಯುದ್ದಕ್ಕೂ ನಮ್ಮ ಬೀದಿಯ ಮಕ್ಕಳೆಲ್ಲರೂ ಸರದಿಯ ಮೇಲೆ ಜೋಡಿಜೋಡಿಯಾಗಿ ಆಡಿದ್ದು ತಮ್ಮ ಆ ಔದಾರ್ಯದಿಂದಲೇ.