ಮಡಿಲು ಮಗುವಿಗೆ ಸೀಟ್ ಬೆಲ್ಟ್ ಅಲ್ಲ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರಗಳಂದು ಮುಳ್ಳಯ್ಯನಗಿರಿಯ ಕಡೆಗೆ ಹೊರಟ ಕಾರುಗಳು ಕೈಮರದ ಚೆಕ್‌ಪೋಸ್ಟ್‌ನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಆ ಸಾಲಿನ ಪಕ್ಕದಲ್ಲಿ ನಡೆದು ಹೋದರೆ, ಮುಂದೆ ಕುಳಿತವರು ಬೆಲ್ಟ್ ಹಾಕಿಕೊಂಡಿದ್ದರೂ ಹಿಂದೆ ಮಕ್ಕಳು ಸೀಟಿನ ಮೇಲೆ ನಿಂತಿರುವುದು, ಸನ್‌ರೂಫಿನಿಂದ ತಲೆ ಹೊರಹಾಕಿರುವುದು, ಹಸುಗೂಸು ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿರುವುದು ಕಾಣುತ್ತದೆ. ಇದು ಹೊರ ಊರಿನ ಪ್ರವಾಸಿಗರ ತಪ್ಪು ಮಾತ್ರವಲ್ಲ. ಮದುವೆಗೆ, ಜಾತ್ರೆಗೆ ಹೊರಡುವ ನಾವೂ ಹೀಗೆಯೇ ಹೋಗುತ್ತೇವೆ.

ನಾನೂ ಹಾಗೆಯೇ ಹೋಗುತ್ತಿದ್ದೆ. ಆಲ್ದೂರಿನಿಂದ ಬರುವಾಗ ತಿರುವಿನಲ್ಲಿ ದನವೊಂದು ಅಡ್ಡ ಬಂದು ಬ್ರೇಕ್ ಹಾಕಿದಾಗ, ನನ್ನ ಎರಡೂ ಕೈಗಳ ನಡುವೆ ಇದ್ದ ಮಗಳು ಜಾರಿ ಡ್ಯಾಶ್‌ಬೋರ್ಡಿಗೆ ಬಡಿದಳು. ಹಣೆಗೆ ನಾಲ್ಕು ಹೊಲಿಗೆ ಬಿದ್ದವು. ಅಂದು ಕಾರು ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ, ಬರೀ ಬ್ರೇಕ್ ಹಾಕಿದ್ದಷ್ಟೇ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಅರ್ಧ ಮೀಟರಿನೊಳಗೆ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ತಡೆಯುವಷ್ಟು ಬಲ ಬೇಕು. ಎಂಥ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕದೆ, ಮಕ್ಕಳ ಸುರಕ್ಷಾ ಸೀಟಿನಲ್ಲೂ ಕೂರಿಸದೆ ವಾಹನ ಓಡಿಸುವುದು, ಓಡಿಸಲು ಬಿಡುವುದು ದಂಡಾರ್ಹ ಅಪರಾಧ. ದೊಡ್ಡವರ ಅಳತೆಗೆ ಮಾಡಿದ ಬೆಲ್ಟ್ ಚಿಕ್ಕ ಮಗುವಿನ ಸೊಂಟದ ಮೂಳೆಯ ಮೇಲೆ ಕೂರದೆ ಹೊಟ್ಟೆಯ ಮೇಲೆ, ಹೆಗಲಿನ ಬದಲು ಕುತ್ತಿಗೆಯ ಮೇಲೆ ಹಾದುಹೋಗುವುದರಿಂದ ಪುಟ್ಟ ಮಕ್ಕಳಿಗೆ ಬೇರೆ ಸೀಟೇ ಬೇಕು. ಹಿಮ್ಮುಖವಾಗಿ ಕೂರಿಸುವ ಶಿಶು ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಂತೂ ಇಡಲೇಬಾರದು. ಏರ್‌ಬ್ಯಾಗ್ ಸಿಡಿದರೆ ಅದರ ಹೊಡೆತ ನೇರವಾಗಿ ಮಗುವಿನ ತಲೆಯ ಕಡೆಗೇ ಬೀಳುತ್ತದೆ. ಹಾಲುಗೆನ್ನೆಯ ಮಕ್ಕಳನ್ನು ಮುಂದೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸವನ್ನು ಬಿಡಲು ಈ ಒಂದು ಕಾರಣವೇ ಸಾಕಾಗಬೇಕಿತ್ತು.

ಇನ್ನು ಬಾಡಿಗೆ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಹೊಸ ಸೀಟ್ ಕವರ್ ಹೊದಿಸುವಾಗ ಅದು ಅಡಿಗೆ ಸೇರಿಹೋಗಿರುತ್ತದೆ. ಬೆಲ್ಟ್ ಹಾಕಬೇಕೆಂದು ಬಯಸುವವರಿಗೂ ಹೀಗೆ ದಾರಿ ಇಲ್ಲದಂತಾಗಿದೆ.

ಕೈಮರದಲ್ಲಿ ಕಾರುಗಳು ಹೇಗೂ ನಿಲ್ಲುತ್ತವೆ. ಅಲ್ಲಿನ ಸಿಬ್ಬಂದಿ ಹಿಂದಿನ ಸೀಟಿನತ್ತಲೂ ಒಮ್ಮೆ ಇಣುಕಿ ನೋಡಿ, ಮಕ್ಕಳು ಬೆಲ್ಟ್ ಹಾಕಿಕೊಂಡ ಮೇಲಷ್ಟೇ ಗಿರಿಯ ದಾರಿಗೆ ಬಿಡಬೇಕು. ಚಾರ್ಮಾಡಿ ಘಾಟಿಯ ದಾರಿಯ ತಪಾಸಣೆಯಲ್ಲೂ ಇದೇ ಕ್ರಮವಿರಲಿ. ಟ್ಯಾಕ್ಸಿಗಳಿಗೆ ಅರ್ಹತಾ ಪತ್ರ ನೀಡುವಾಗ ಹಿಂದಿನ ಬಕಲ್‌ಗಳು ಕೈಗೆ ಸಿಗುವಂತಿವೆಯೇ ಎಂಬುದನ್ನು ಸಾರಿಗೆ ಅಧಿಕಾರಿಗಳು ಪರೀಕ್ಷಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಓರ್ವ ತಾಯಿ, ಚಿಕ್ಕಮಗಳೂರು